ಧಾರವಾಡದ ಸ್ಪೆಲಿಂಗ್‌ನಲ್ಲಿ ಒಂದು ಅವಾರ್ಡ್

ನಮಸ್ಕಾರ್ರೀ. ಇವತ್ತಿನ ವ್ಲಾಗ್‌ನಲ್ಲಿ ಗಿರ್ಮಿಟ್ ಇಲ್ಲ, ಪೇಡಾನೂ ಇಲ್ಲ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿ ಧಾರವಾಡದ ಸಪ್ತಾಪುರಕ್ಕೆ ಹೊರಟಿದ್ದೇನೆ.

ಸಪ್ತಾಪುರ ಗೊತ್ತಲ್ವಾ? ಪಿಎಸ್‌ಐ, ಕೆಎಎಸ್, ಎಫ್‌ಡಿಎ, ಬ್ಯಾಂಕ್, ಯಾವ ಪರೀಕ್ಷೆ ಹೆಸರು ಹೇಳಿದರೂ ಅದಕ್ಕೊಂದು ಬೋರ್ಡ್ ಇಲ್ಲಿ ನೇತಾಡುತ್ತಿರುತ್ತದೆ. ಗದಗ, ಹಾವೇರಿ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರೂಮ್ ಮಾಡಿಕೊಂಡು ಓದುವ ಏರಿಯಾ. ಇವರಲ್ಲಿ ಬ್ಯಾಂಕಿಗೆ ಓದುವವರ ಹತ್ತಿರ ಹೋಗಿ ರೀಸನಿಂಗ್ ಬಗ್ಗೆ ಕೇಳಿ. ಒಂದು ಬಗೆಯ ಪ್ರಶ್ನೆಗೆ ಮುಖ ಸಿಂಡರಿಸುತ್ತಾರೆ. ಒಂದು ಉದ್ದನೆಯ ಇಂಗ್ಲಿಷ್ ಪದ ಕೊಡುತ್ತಾರೆ. ಅದರಲ್ಲಿ ಇಂತಿಂಥ ನಾಲ್ಕು ಅಕ್ಷರ ಆರಿಸಿ, ಅರ್ಥ ಇರುವ ಪದ ಕಟ್ಟಿ ಅನ್ನುತ್ತಾರೆ. ಒಂದೇ ಪದ ಆದರೆ ಅದರ ಮೂರನೇ ಅಕ್ಷರ ಹೇಳಬೇಕು. ಏನೂ ಆಗದಿದ್ದರೆ ಎಕ್ಸ್. ಒಂದಕ್ಕಿಂತ ಜಾಸ್ತಿ ಆದರೆ ಎಮ್.

ಕನ್ನಡ ಮೀಡಿಯಂನವರಿಗೆ ಇದು ಆಗಿಬರಲ್ಲ ಅಂತ ಸುಮ್ನೆ ಹೆದರಿಸುವವರು ಬಹಳ. ನಾನು ಒಪ್ಪಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೆಲವು ಚಟಗಳಿವೆ. ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಕೊನೆಗೆ ನಿಲ್ಲಲು ಒಪ್ಪಲ್ಲ, ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗೀತು.

ಬಸ್ಸಲ್ಲಿ ಟೈಮ್ ಇದೆ, ನಮ್ಮ ಊರುಗಳ ಮೇಲೇ ನೋಡೋಣ. 2014ರ ನವೆಂಬರ್ 1ಕ್ಕೆ ಮೊದಲು ಹುಬ್ಬಳ್ಳಿಯ ಸ್ಪೆಲಿಂಗ್ ಎಚ್, ಯು, ಬಿ, ಎಲ್, ಐ. ಅದರಲ್ಲಿ ಹಬ್ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆಮೇಲೆ ಇನ್ನೊಂದು ಬಿ, ಒಂದು ಎ, ಇನ್ನೊಂದು ಎಲ್ ಬಂತು. ಈಗ ಸ್ಕ್ರೀನ್ ನೋಡಿ. ಎರಡು ಎಲ್ ಜೋಡಿಸಿ ಕೊನೆಗಿಟ್ಟೆ. ಅದರ ಮುಂದೆ ಎ, ಐ, ಯು ಇವುಗಳಲ್ಲಿ ಒಂದು ಸ್ವರ. ಮೊದಲಿಗೆ ಬಿ ಇಟ್ಟರೆ ಬಾಲ್, ಬಿಲ್, ಬುಲ್. ಎಚ್ ಇಟ್ಟರೆ ಹಾಲ್, ಹಿಲ್, ಹಲ್. ಹಲ್ ಅಂದರೆ ಹಡಗಿನ ಒಡಲು. ಆರಕ್ಕೆ ಆರೂ ಪಾಸ್! ಬಿ ಎರಡಿರುವುದರಿಂದ ಬಲ್ಬ್ ಕೂಡ ಹತ್ತಿಕೊಂಡಿತು.

ಧಾರವಾಡದ್ದು ಇನ್ನೂ ಮಜಾ. ಡಿ, ಎಚ್, ಎ, ಆರ್, ಡಬ್ಲ್ಯು, ಎ, ಡಿ. ಹಾರ್ಡ್, ವಾರ್ಡ್, ಡ್ರಾ ಎಲ್ಲ ಸಿಗುತ್ತವೆ. ಎ ಎರಡು ಇದೆಯಲ್ಲ, ಒಂದನ್ನು ಮೊದಲಿಗೆ ಇಡಿ. ಅವಾರ್ಡ್! ಸಾಧನಕೇರಿಯ ಬೇಂದ್ರೆಯವರಿಗೆ 1973ರ ಜ್ಞಾನಪೀಠ, ಇಲ್ಲೇ ಓದಿದ ಕಾರ್ನಾಡರಿಗೆ 1998ರದ್ದು. ಊರಿನ ಸ್ಪೆಲಿಂಗ್‌ನಲ್ಲೇ ಬರೆದಿತ್ತು ಅಂತ ಧಾರವಾಡದವರು ಬೀಗಲು ಅಡ್ಡಿಯಿಲ್ಲ.

ಹಾವೇರಿಯಲ್ಲಿ ಒಂದು ವಿ ಇದೆ. ಈ ವಿ ಇಂಗ್ಲಿಷ್ ಪದದ ಕೊನೆಯಲ್ಲಿ ಒಂಟಿಯಾಗಿ ನಿಲ್ಲುವುದು ತೀರಾ ಅಪರೂಪ, ಹಿಂದೆ ಒಂದು ಇ ಬೇಕೇ ಬೇಕು. ಹಾಗಾಗಿ ವಿ ಕಂಡರೆ ಮೊದಲು ಅದರ ಬೆನ್ನಿಗೆ ಇ ಕಟ್ಟಿಬಿಡಿ. ಹ್ಯಾವ್, ಹೈವ್, ರೇವ್ ತಾವಾಗೇ ಬರುತ್ತವೆ. ಕ್ಯು ಬಂದರೆ ಯು ಹುಡುಕಬೇಕು. ಯು ಇಲ್ಲದೆ ಬರುವ ಕ್ಯು ಪದಗಳು ಬೆರಳೆಣಿಕೆ, ಅವೂ ಬೇರೆ ಭಾಷೆಯಿಂದ ಬಂದಂಥವು. ಕನಾತ್ ಅಂತ ಒಂದಿದೆ, ಕ್ಯು, ಎ, ಎನ್, ಎ, ಟಿ. ನೆಲದೊಳಗೆ ಸುರಂಗ ತೋಡಿ ನೀರು ತರುವ ವ್ಯವಸ್ಥೆ. ನಮ್ಮ ಬೀದರ್‌ನಲ್ಲಿ ಅದನ್ನೇ ಕರೇಜ್ ಅನ್ನುತ್ತಾರೆ.

ಇನ್ನು ಗದಗ. ಜಿ ಎರಡು, ಎ ಎರಡು, ಡಿ ಒಂದು. ಗ್ಯಾಗ್, ಗ್ಯಾಡ್, ಗಾಗಾ, ಹೆಚ್ಚುಕಮ್ಮಿ ಅಲ್ಲಿಗೆ ಮುಗೀತು. ಸ್ವರ ಒಂದೇ ಬಗೆಯದು, ಪಾಪ ಏನು ಮಾಡುತ್ತದೆ? ಗದಗಿನವರು ಬೇಜಾರಾಗಬೇಡಿ, ಹಿಂದಿನಿಂದ ಓದಿದರೂ ಗದಗವೇ ಆಗುವ ಭಾಗ್ಯ ಹುಬ್ಬಳ್ಳಿಗಿಲ್ಲ.

ಯಾವ ಅಕ್ಷರ ಜಾಸ್ತಿ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು 1930ರ ದಶಕದಲ್ಲೇ ಒಬ್ಬರು ಕೂತು ಎಣಿಸಿದ್ದರು. ಆಲ್ಫ್ರೆಡ್ ಬಟ್ಸ್, ಅಮೆರಿಕದ ಆರ್ಕಿಟೆಕ್ಟ್. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಹಾಕಿ ಒಂದು ಆಟ ಮಾಡಿದರು. ಅದೇ ಮುಂದೆ ಸ್ಕ್ರ್ಯಾಬಲ್ ಆಯಿತು. ಅದರ 100 ಬಿಲ್ಲೆಗಳಲ್ಲಿ ಇ 12 ಇವೆ, ಪಾಯಿಂಟ್ ಮಾತ್ರ ಒಂದೊಂದೇ. ಕ್ಯು ಮತ್ತು ಝಡ್ ತಲಾ ಒಂದೇ ಬಿಲ್ಲೆ, 10 ಪಾಯಿಂಟ್. ಎಷ್ಟು ಸತಾಯಿಸುತ್ತದೋ ಅಷ್ಟು ರೇಟು.

ಪರೀಕ್ಷೆಯಲ್ಲಿ ಅಷ್ಟೆಲ್ಲ ಟೈಮ್ ಇರಲ್ಲ. ಓ, ಪಿ, ಎಸ್, ಟಿ ಬಂತು ಅಂತಿಟ್ಟುಕೊಳ್ಳಿ. ಸ್ಟಾಪ್, ಸ್ಪಾಟ್, ಪೋಸ್ಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್, ಆರು ಪದ ಇವೆ. ಆರನ್ನೂ ಹುಡುಕಲು ಹೋದರೆ ಕೆಟ್ಟಿರಿ. ಎರಡನೇದು ಸಿಕ್ಕ ಕೂಡಲೇ ಎಮ್ ಹಾಕಿ ಮುಂದೆ ನಡೀರಿ. ಕಷ್ಟ ಇರುವುದು ಒಂದೇ ಪದ ಸಿಕ್ಕಾಗ. ಇನ್ನೊಂದು ಇಲ್ಲ ಅಂತ ಹೇಗೆ ಗ್ಯಾರಂಟಿ? ಆಗ ಎಚ್ ಯಾರ ಹಿಂದೆ ನಿಲ್ಲಬಹುದು ನೋಡಿ: ಎಸ್, ಸಿ, ಟಿ, ಡಬ್ಲ್ಯು. ಕೆ, ಎನ್ ಎರಡೂ ಇದ್ದರೆ ಕೆ ಮುಂದೆ, ಎನ್ ಹಿಂದೆ ಇಟ್ಟು ನೋಡಿ. ಕೆ, ಇ, ಡಬ್ಲ್ಯು, ಎನ್ ಕೊಟ್ಟರೆ ನ್ಯೂ ಅನ್ನುವ ಒಂದೇ ಪದ, ಹೊಸದು ಅನ್ನುವ ನ್ಯೂ ಅಲ್ಲ, ಗೊತ್ತಿತ್ತು ಅನ್ನುವ ನ್ಯೂ.

ಸಪ್ತಾಪುರದ ಚಹಾದಂಗಡಿ ಮುಂದೆ ನಾಲ್ಕೈದು ಜನಕ್ಕೆ ಇಂಥದ್ದೇ ಒಂದು ಕೊಟ್ಟೆ. ಟಿ, ಐ, ಎಚ್, ಡಬ್ಲ್ಯು. ವಿತ್ ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ರಾಣೆಬೆನ್ನೂರು ಕಡೆಯ ಹುಡುಗಿಯೊಬ್ಬಳು ರಫ್ ನೋಟ್‌ಬುಕ್ಕಿನ ಮೂಲೆಯಲ್ಲಿ ಡಬ್ಲ್ಯು, ಎಚ್ ಜೋಡಿಸಿ ಬರೆದು, "ಇನ್ನೊಂದೈತ್ರಿ ಅಣ್ಣಾ, ವಿಟ್" ಅಂದಳು. ಎಳ್ಳಷ್ಟು ಅಂತ ಅರ್ಥ. ಆ ಪದ ಎಲ್ಲಿ ಕಲಿತೆ ಅಂತ ಕೇಳಿದೆ. "ಕಲ್ತಿಲ್ರಿ, ಎಚ್ ಜಾಗ ಹುಡುಕಿದೆ, ಆಮ್ಯಾಲೆ ಮೊಬೈಲ್‌ನಾಗ ನೋಡಿದೆ."

ನಿಮಗೊಂದು ಕೊಟ್ಟು ಹೋಗುತ್ತೇನೆ. ದಾರಿಯಲ್ಲಿ ಸಿಗುವ ನವಲೂರು. ಎನ್, ಎ, ವಿ, ಎ, ಎಲ್, ಯು, ಆರ್. ಐದಕ್ಷರದ ಮೂರು ಪದ ಬೇಕು. ಒಂದು ಮುಂದೇ ಕೂತಿದೆ, ನೌಕಾಪಡೆಯದ್ದು. ಇನ್ನೊಂದು ಚಂದ್ರನಿಗೆ ಸೇರಿದ್ದು. ಮೂರನೇದು ನವಲೂರಿನ ಪೇರಲ ಹಣ್ಣು ಕಚ್ಚಿದಾಗ ಒಳಗೆ ಕಾಣಬಾರದು ಅಷ್ಟೇ.