ಯಂತ್ರದ ಹೆಸರು ಕೇಳಬೇಡಿ, ಮೇಷ್ಟರನ್ನು ಕೇಳಿ

ನಮಸ್ಕಾರ. ಇಂದು ಬೆಳಕಿನ ವಕ್ರೀಭವನದ ಪ್ರಯೋಗ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಒಂದು ಪ್ರತಿಕ್ರಿಯೆಗೆ ಉತ್ತರ ಹೇಳದೆ ನನಗೆ ಸಮಾಧಾನವಿಲ್ಲ.

ಲಂಡನ್ನಿನ ಬೆಟ್ ಸಮ್ಮೇಳನಕ್ಕೆ ಹೋಗಿ ಬಂದೆ ಎಂದು ಹೇಳಿದ್ದೆನಲ್ಲ, ಆ ವಿಡಿಯೊದ ಕೆಳಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ಬರೆದಿದ್ದಾರೆ: "ನಮ್ಮೂರ ಶಾಲೆಗೆ ದಾನಿಗಳು ಸಿಕ್ಕಿದ್ದಾರೆ. ಯಾವ ಸ್ಮಾರ್ಟ್ ಬೋರ್ಡ್ ಒಳ್ಳೆಯದು, ಹೆಸರು ಹೇಳಿ ಸಾಕು. ನಮ್ಮ ಮೇಷ್ಟರುಗಳನ್ನು ಕೇಳುತ್ತಾ ಕುಳಿತರೆ ಕೆಲಸ ಕೆಡುತ್ತದೆ."

ಊರಿನ ಶಾಲೆಗಾಗಿ ಓಡಾಡುವವರ ಮೇಲೆ ನನಗೆ ಗೌರವವಿದೆ. ಆದರೆ ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿದೆ. ಅಷ್ಟು ದೂರ ಹೋಗಿ ನಾನು ಕಲಿತು ಬಂದದ್ದು ಸರಿಯಾಗಿ ಅದರ ವಿರುದ್ಧವಾದುದನ್ನು. ಕೊಳ್ಳುವ ಮೊದಲು ಮೇಷ್ಟರನ್ನು ಕೇಳಿ.

ಬೆಟ್ ಎಂದರೆ ಏನೆಂದು ಹೊಸಬರಿಗೆ ಹೇಳುತ್ತೇನೆ. ಶಾಲೆಗಳಿಗೆ ಬೇಕಾದ ತಂತ್ರಜ್ಞಾನದ ದೊಡ್ಡ ಮೇಳ ಅದು. ಪ್ರತಿ ಜನವರಿಯಲ್ಲಿ ಲಂಡನ್ನಿನ ಪೂರ್ವಕ್ಕೆ, ಹಳೆಯ ಹಡಗುಕಟ್ಟೆಯ ದಂಡೆಯ ಮೇಲಿರುವ ಎಕ್ಸೆಲ್ ಭವನದಲ್ಲಿ ನಡೆಯುತ್ತದೆ. 1985ರಲ್ಲಿ ಶುರುವಾದದ್ದು. ಬ್ರಿಟನ್ನಿನ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್ ಕಾಲಿಡುತ್ತಿದ್ದ ಕಾಲ ಅದು. ಈಗ ಅದು ಜಾತ್ರೆ. ರಥಬೀದಿಯಲ್ಲಿ ಬಳೆ, ಬತ್ತಾಸು, ಪೀಪಿ ಮಾರುವವರು ಕೂಗಿ ಕರೆಯುವಂತೆ ಇಲ್ಲಿ ಗೋಡೆಯಗಲದ ಪರದೆ, ರೋಬೊ, ಉತ್ತರಪತ್ರಿಕೆ ತಿದ್ದುವ ಕೃತಕ ಬುದ್ಧಿಮತ್ತೆ ಮಾರುವವರು ಕರೆಯುತ್ತಾರೆ. ಯಾರ ಕೈಗೂ ಬರಿದಾಗಿ ಹಿಂತಿರುಗುವ ಅವಕಾಶವಿಲ್ಲ, ಚೀಲ ತುಂಬ ಕರಪತ್ರ.

ಒಂದು ಮಳಿಗೆಯಲ್ಲಿ ನಾನು ಕೇಳಿದೆ: ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಶಿಕ್ಷಕಿ, ಕರೆಂಟು ಹೋದ ಮಧ್ಯಾಹ್ನ ಈ ಪರದೆಯಿಂದ ಏನು ಮಾಡಬೇಕು? ಮಳಿಗೆಯ ಹುಡುಗ ಪ್ರಾಮಾಣಿಕ. ಇಂಥ ಪ್ರಶ್ನೆಯನ್ನು ಯಾವ ಶಿಕ್ಷಕರೂ ತನ್ನನ್ನು ಕೇಳಿಲ್ಲ, ತನ್ನ ಬಳಿ ಬರುವವರು ಖರೀದಿ ವಿಭಾಗದವರು ಎಂದ. ನೋಡಿ, ಯಂತ್ರ ಮಾರುವವನೇ ಹೇಳುತ್ತಿದ್ದಾನೆ!

ಸಂಭ್ರಮವೆಲ್ಲ ಮಳಿಗೆಗಳಲ್ಲಿ. ನನಗೆ ಬೇಕಾದದ್ದು ಸಿಕ್ಕಿದ್ದು ಮೂಲೆಯ ಚಿಕ್ಕ ವೇದಿಕೆಯಲ್ಲಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ತಮ್ಮಲ್ಲಿನ ಪದ್ಧತಿಯನ್ನು ವಿವರಿಸಿದರು. ಅವರ ಶಾಲೆಯಲ್ಲಿ ಯಾವ ತಂತ್ರಾಂಶವನ್ನೂ ನೇರವಾಗಿ ಕೊಳ್ಳುವುದಿಲ್ಲ. ಮೊದಲು ಶಿಕ್ಷಕರು ತಮ್ಮ ತರಗತಿಯ ಕಷ್ಟವೇನೆಂದು ಬರೆದು ಕೊಡುತ್ತಾರೆ. ಆ ಕಷ್ಟಕ್ಕೆ ಯಂತ್ರವೇ ಬೇಕೇ ಎಂದು ಕೂತು ಮಾತಾಡುತ್ತಾರೆ. ಬೇಕೆಂದರೆ ಕೆಲಕಾಲ ಬಳಸಿ ನೋಡುತ್ತಾರೆ. ಆಮೇಲೆಯೇ ಹಣ. ಬೇಡ ಎನ್ನುವ ಅಧಿಕಾರ ಕೊನೆಯವರೆಗೂ ಶಿಕ್ಷಕರದೇ. ಕೇಳುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಅವರ ಪರದೆಗಳ ಮೇಲಲ್ಲ, ಆ ಅಧಿಕಾರದ ಮೇಲೆ.

ಈಗ "ಅದೆಲ್ಲ ಶ್ರೀಮಂತ ದೇಶದ ಮಾತು" ಎನ್ನುವವರು ಬರುತ್ತಾರೆ. ಬನ್ನಿ. ಶ್ರೀಮಂತ ದೇಶದ ಲೆಕ್ಕವನ್ನೇ ಕೊಡುತ್ತೇನೆ. ಯುನೆಸ್ಕೊ 2023ರ ಜಾಗತಿಕ ಶಿಕ್ಷಣ ವರದಿಯನ್ನು ಇಡಿಯಾಗಿ ತಂತ್ರಜ್ಞಾನಕ್ಕೇ ಮೀಸಲಿಟ್ಟಿತು. ಅಮೆರಿಕದ ಶಾಲೆಗಳು ಹಣ ಕೊಟ್ಟು ಪಡೆದ ತಂತ್ರಾಂಶ ಪರವಾನಗಿಗಳಲ್ಲಿ ಸರಾಸರಿ 67% ಬಳಕೆಯೇ ಆಗಿಲ್ಲ ಎಂದು ಅದರಲ್ಲಿದೆ. ಬ್ರಿಟನ್ನಿನ ಶಿಕ್ಷಣ ತಂತ್ರಜ್ಞಾನ ಕಂಪನಿಗಳಲ್ಲಿ ತಮ್ಮ ಸರಕನ್ನು ವೈಜ್ಞಾನಿಕ ಪ್ರಯೋಗಕ್ಕೆ ಒಡ್ಡಿದವು ಬರೀ 7%. ನೂರಕ್ಕೆ ಏಳು! ಇಂಥ ಮಾತ್ರೆಯನ್ನು ನಿಮ್ಮ ಮಗುವಿಗೆ ನುಂಗಿಸುತ್ತೀರಾ? ಬಡ ದೇಶದ ಕಥೆ ಬೇಕೆಂದರೆ ಪೆರುವಿಗೆ ಹೋಗೋಣ. ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು. ಪಾಠದೊಳಗೆ ಅದು ಎಲ್ಲಿ ಕೂರುತ್ತದೆ ಎಂದು ಯೋಚಿಸಲಿಲ್ಲ. ಕಲಿಕೆ ಸುಧಾರಿಸಲಿಲ್ಲ ಎಂದು ಅದೇ ವರದಿ ಹೇಳುತ್ತದೆ. ಲಾಸ್ ಏಂಜಲೀಸ್ ನಗರ 2013ರಲ್ಲಿ ಪ್ರತಿ ಮಗುವಿಗೂ ಐಪ್ಯಾಡ್ ಎಂದು ಹೊರಟು ಮರುವರ್ಷವೇ ಆ ಒಪ್ಪಂದದಿಂದ ಹಿಂದೆ ಸರಿಯಿತು. ಬಡವರಿರಲಿ, ಶ್ರೀಮಂತರಿರಲಿ, ಮೇಷ್ಟರನ್ನು ಕೇಳದೆ ಕೊಂಡರೆ ಯಂತ್ರ ಬೀರುವಿನ ಪಾಲು.

ಮಧ್ಯೆ ಒಂದು ಮಾತು. ಬೆಟ್ ಕುರಿತ ನನ್ನ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಬರೆದು ಈ ವಾಹಿನಿಯ ಸದಸ್ಯರಿಗೆ ಕಳುಹಿಸುತ್ತಿದ್ದೇನೆ. ಸದಸ್ಯತ್ವಕ್ಕೆ ಹಣವಿಲ್ಲ, ಕೆಳಗಿನ ಗುಂಡಿ ಒತ್ತಿದರೆ ಆಯಿತು. ಶಾಲೆಗಳಿಗೆ ಬಂದು ಮಾರ್ಗದರ್ಶನ ಮಾಡುವ ನಿಮ್ಮ ಸಿಆರ್‌ಪಿಗಳಿಗೂ ಕಳುಹಿಸಿ, ಅವರಿಗೆ ಇದು ಖಂಡಿತ ಬೇಕು.

ಇನ್ನು ಎಲ್ಲರೂ ಎತ್ತುವ ಆ ದೊಡ್ಡ ಆಕ್ಷೇಪ: ಮೇಷ್ಟರುಗಳು ಹೊಸದಕ್ಕೆ ಒಗ್ಗುವುದಿಲ್ಲ, ಸಂಬಳ ಎಣಿಸುವುದಷ್ಟೇ ಅವರ ಕೆಲಸ. ಹೀಗೆ ಹೇಳುವವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಹೆಸರು ಕೇಳಿದ್ದಾರೆಯೇ? 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಕಾರ್ಡುಗಳ ಮೂಲಕ ಕಲಿಸುವುದನ್ನು ಕೂತು ನೋಡಿದರು. ಮರಳಿ ಬಂದು, ಕಾಡಂಚಿನ ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿಕಲಿ. ಕಲಿಕೆಯ ಹಂತಗಳನ್ನು ತೋರುವ ಏಣಿ, ಯಾವ ಗುಂಪು ಎಂದು ತೋರುವ ತಟ್ಟೆ, ಮಕ್ಕಳ ಚಿತ್ರಗಳನ್ನು ತೂಗುಹಾಕುವ ಚಪ್ಪರ, ಮಗುವಿನ ಕೈಗೆ ಎಟುಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ. ಒಂದು ವಿದ್ಯುತ್ ತಂತಿ ಇಲ್ಲ! ಒಂದು ತರಗತಿಯೊಳಗೆ ಪ್ರತಿ ಮಗುವೂ ತನ್ನ ವೇಗದಲ್ಲಿ ಸಾಗಲಿ ಎಂಬ ಮಾತನ್ನು ಲಂಡನ್ನಿನಲ್ಲಿ ಹತ್ತಾರು ಮಳಿಗೆಗಳು ಹೊಸ ಆವಿಷ್ಕಾರವೆಂದು ಮಾರುತ್ತಿದ್ದವು. ನಮ್ಮ ಕೋಟೆಯ ಮೇಷ್ಟರುಗಳು ಅದನ್ನು ರಟ್ಟಿನ ಮೇಲೆ ಬರೆದು ಮುಗಿಸಿದ್ದರು. ನನಗೆ ಅಲ್ಲಿಯೇ ನಿಂತು ಕೂಗಿ ಹೇಳಬೇಕೆನ್ನಿಸಿತು.

ನಲಿಕಲಿ ರಾಜ್ಯವೆಲ್ಲ ಹಬ್ಬಿದ ಮೇಲೆ ಸೊರಗಿತಲ್ಲ ಎನ್ನುತ್ತೀರಾ? ಯಾಕೆ ಸೊರಗಿತು? ಕೋಟೆಯಲ್ಲಿ ಅದು ಶಿಕ್ಷಕರ ಕೈಬರಹ, ಉಳಿದೆಡೆ ಮೇಲಿನಿಂದ ಇಳಿದ ಆದೇಶ. ನನ್ನ ಮಾತನ್ನು ನೀವೇ ಗಟ್ಟಿ ಮಾಡುತ್ತಿದ್ದೀರಿ. ಮೇಷ್ಟರನ್ನು ಕೇಳಿದಲ್ಲಿ ಬೆಳೆಯಿತು, ಕೇಳದಲ್ಲಿ ಬಾಡಿತು.

ಬ್ರಿಟನ್ನಿನಲ್ಲೂ ಹಾಗೆಯೇ. 2020ರ ಏಪ್ರಿಲ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ ಶಿಕ್ಷಕರೇ ಸೇರಿ ಕೆಲವೇ ದಿನಗಳಲ್ಲಿ ಓಕ್ ನ್ಯಾಷನಲ್ ಅಕಾಡೆಮಿ ಎಂಬ ಪಾಠಗಳ ತಾಣ ಕಟ್ಟಿದರು. ಅದು ಉಳಿಯಿತು, 2022ರಲ್ಲಿ ಸಾರ್ವಜನಿಕ ಸಂಸ್ಥೆಯಾಯಿತು. ಕಟ್ಟಿದವರು ಯಾರು? ಮೇಷ್ಟರುಗಳು!

ಹಾಗಾದರೆ ಕಂಪ್ಯೂಟರೇ ಬೇಡ, ಸೀಮೆಸುಣ್ಣ ಸಾಕು ಎನ್ನುವ ಗುಂಪೂ ಇದೆ. ಅವರಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. ಮೈಕ್ರೊಬಿಟ್ ಎಂಬ, ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯುವ ಅಂಗೈಯೊಳಗಿನ ಫಲಕವನ್ನು ಹಿಡಿದ ಮಗುವಿನ ಕಣ್ಣನ್ನು ನೋಡಿ ಬನ್ನಿ, ಆಮೇಲೆ ಮಾತಾಡೋಣ. ಆ ಫಲಕದ ಬಗ್ಗೆ ಕನ್ನಡದಲ್ಲಿ ಒಂದು ಸರಣಿ ಮಾಡುತ್ತಿದ್ದೇನೆ, ತಪ್ಪಿಸಿಕೊಳ್ಳಬೇಡಿ.

ನಾನು ಹಿಂದೆ ಇದ್ದ ಒಂದು ಶಾಲೆಗೆ ಹೀಗೆಯೇ ಪರದೆ ಬಂದಿತ್ತು. ಶನಿವಾರ ಗೋಡೆಗೆ ಹೊಡೆದು ಹೋದರು. ಬಾಗಿಲು ತೆರೆದರೆ ಬಿಸಿಲು ನೇರ ಪರದೆಗೆ, ಮುಚ್ಚಿದರೆ ಮಕ್ಕಳಿಗೆ ಸೆಕೆ. ಯಾವ ಗೋಡೆ ಎಂದು ಒಂದು ಮಾತು ಕೇಳಿದ್ದರೆ! ದಾಸ್ತಾನು ವಹಿಯಲ್ಲಿ ಒಂದು ಸಾಲು, ಕೋಣೆಗೆ ಒಂದು ಬೀಗ, ಅಷ್ಟೇ ಉಳಿದದ್ದು. ಗಣಿತಕ್ಕೆ ಶಿಕ್ಷಕರೇ ಇರಲಿಲ್ಲ ಆ ಶಾಲೆಯಲ್ಲಿ. ದಾನಿಗಳ ಮುಂದೆ ಅದನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ಶಿಕ್ಷಕರನ್ನು ಆ ಸಭೆಗೆ ಕರೆದೇ ಇರಲಿಲ್ಲ. ಕೇಳಿ ಸ್ವಾಮಿ, ಕೇಳಿ! ಕೇಳುವುದಕ್ಕೆ ಟೆಂಡರ್ ಬೇಡ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ ಬೇಡ. ಬಿಸಿಯೂಟದ ಹೊತ್ತಿಗೆ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕೂತು ಕೇಳಿ.

ಇನ್ನೊಂದು ವಿಷಯ, ಇದು ಚಾಮರಾಜನಗರದ ಶಿಕ್ಷಕರಿಗೆ. 2004ರಲ್ಲಿ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ನಿಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. ಆಗ ನಿಮ್ಮನ್ನು ಯಾರು ಏನು ಕೇಳಿದರು, ನೀವು ಏನು ಹೇಳಿದಿರಿ, ಆ ತಟ್ಟೆ ಆಂಟೆನಾ ಈಗ ಎಲ್ಲಿದೆ, ಬರೆದು ಕಳುಹಿಸಿ. ನಿವೃತ್ತರಾಗಿದ್ದರೂ ಬರೆಯಿರಿ, ಧ್ವನಿ ಸಂದೇಶವೂ ಆದೀತು. ಭಾನುವಾರದ ನೇರಪ್ರಸಾರದಲ್ಲಿ ಒಂದನ್ನೂ ಬಿಡದೆ ಓದುತ್ತೇನೆ, ವಕ್ರೀಭವನಕ್ಕೆ ಮೊದಲು.