ಸೀಸರನ ಗಡಿಯಾರ, ಓಬವ್ವನ ಕಿಂಡಿ

ಕೇಳುಗರೇ, ನಮಸ್ಕಾರ. ನಮ್ಮ ಸೋದರಮಾವ ಚಿತ್ರದುರ್ಗದಲ್ಲಿ ಇತಿಹಾಸದ ಮೇಷ್ಟ್ರಾಗಿದ್ದರು. ಅವರ ಗೆಳೆಯರೊಬ್ಬರು ದಾವಣಗೆರೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ನಡುವೆ ಇರುವುದು ಸುಮಾರು 60 ಕಿಲೋಮೀಟರ್, ಆದರೂ ಇಬ್ಬರೂ ಜಗಳ ಆಡುತ್ತಿದ್ದದ್ದು ಇನ್‌ಲ್ಯಾಂಡ್ ಲೆಟರಿನಲ್ಲೇ. ಎದುರಿಗೆ ಸಿಕ್ಕರೆ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಎದ್ದುಬಿಡುತ್ತಿದ್ದರು. ಮೊನ್ನೆ ಅತ್ತೆ ಆ ಪತ್ರಗಳ ಕಟ್ಟು ಕೊಟ್ಟರು. ಮಾವ ತಾವು ಬರೆದದ್ದಕ್ಕೂ ನಕಲು ಇಟ್ಟುಕೊಂಡಿದ್ದಾರೆ, ಇತಿಹಾಸದವರ ಚಟ ಅಲ್ವಾ!

ಜಗಳ ಶುರುವಾದದ್ದು ಒಂದು ಗಡಿಯಾರದಿಂದ. ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಕೊಲೆಯ ಸಂಚು ಹೂಡುವವರು ರಾತ್ರಿ ಸೇರಿರುವಾಗ ಗಡಿಯಾರ ಮೂರು ಹೊಡೆಯುತ್ತದೆ. ಮಾವನಿಗೆ ತಡೆಯಲಾಗಲಿಲ್ಲ. ಸೀಸರ್ ಸತ್ತದ್ದು ಕ್ರಿ.ಪೂ. 44ರಲ್ಲಿ, ಆಗ ರೋಮಿನಲ್ಲಿ ಇದ್ದದ್ದು ನೆರಳಿನ ಗಡಿಯಾರ, ನೀರಿನ ಗಡಿಯಾರ, ಗಂಟೆ ಹೊಡೆಯುವ ಯಂತ್ರ ಬರೋಕೆ ಇನ್ನೂ ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕಿತ್ತು, ನಿಮ್ಮ ಕವಿಗೆ ಅಷ್ಟೂ ಗೊತ್ತಿರಲಿಲ್ಲವೇ ಎಂದು ಕೇಳಿದ್ದಾರೆ. ಸೀಸರನ ವಿಜಯದ ಮೆರವಣಿಗೆ ಅಕ್ಟೋಬರಿನದು, ಲುಪರ್ಕಾಲಿಯಾ ಹಬ್ಬ ಫೆಬ್ರವರಿಯದು, ಎರಡನ್ನೂ ಒಂದೇ ದಿನಕ್ಕೆ ತುರುಕಿದ್ದಾನೆ ಅನ್ನೋ ದೂರು ಬೇರೆ.

ದಾವಣಗೆರೆಯ ಉತ್ತರ ಕೇಳಿ. “ಮೇಷ್ಟ್ರೇ, ಆ ಗಡಿಯಾರ ಹೊಡೆದದ್ದು ರೋಮಿನವರಿಗಲ್ಲ, 1599ರಲ್ಲಿ ಲಂಡನ್ನಿನಲ್ಲಿ ನಾಟಕ ನೋಡಲು ಬಂದವರಿಗೆ. ಅವನು ಓದಿಕೊಂಡದ್ದು ಪ್ಲುಟಾರ್ಕ್ ಬರೆದ ಚರಿತ್ರೆ, ಅದೂ ಗ್ರೀಕಿನಿಂದ ಫ್ರೆಂಚಿಗೆ ಹೋಗಿ, ಅಲ್ಲಿಂದ 1579ರಲ್ಲಿ ಇಂಗ್ಲಿಷಿಗೆ ಬಂದದ್ದು. ತಪ್ಪು ನಿಜ, ಒಪ್ಪಿದೆ. ಈಗ ನೀವು ಹೇಳಿ, ಓಬವ್ವನ ಕಿಂಡಿ ಮುಂದೆ ನಿಂತು ಮಕ್ಕಳಿಗೆ ಕಥೆ ಹೇಳ್ತೀರಲ್ಲ, ಯಾವ ಶಾಸನದಲ್ಲಿ ಓದಿದ್ರಿ?”

ಇದಾದ ಮೇಲೆ ಮೂರು ವಾರ ಮಾವನ ಕಡೆಯಿಂದ ಪತ್ರವಿಲ್ಲ. ತಾರೀಖು ನೋಡಿ ನನಗೆ ನಗು ಬಂತು. ದುರ್ಗದವರನ್ನು ಓಬವ್ವನ ಹೆಸರೆತ್ತಿ ಕೆಣಕುವುದೇ!

ಕೊನೆಗೆ ಬಂದ ಪತ್ರದಲ್ಲಿ ಓಬವ್ವನ ಸುದ್ದಿಯೇ ಇಲ್ಲ. ಜಾಣ. ಬರೀ ದುರ್ಗದ ಪಕ್ಕದ ಚಂದ್ರವಳ್ಳಿಯ ಮಾತು. ಅಲ್ಲಿ ನೆಲ ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿವೆ, ಅಲ್ಲಿನ ಚಕ್ರವರ್ತಿಗಳಾದ ಅಗಸ್ಟಸ್‌ನವು, ಟಿಬೇರಿಯಸ್‌ನವು. 1947ರಲ್ಲಿ ಪುರಾತತ್ವದ ಮಾರ್ಟಿಮರ್ ವೀಲರ್ ಕೂಡ ಬಂದು ಅಗೆಸಿದರು. “ನಿಮ್ಮ ನಾಟಕದಲ್ಲಿ ಕೊನೆಯ ಮಾತು ಆಡುವ ಹುಡುಗ ಆಕ್ಟೇವಿಯಸ್ ಇದ್ದಾನಲ್ಲ, ಮುಂದೆ ಅವನೇ ಅಗಸ್ಟಸ್. ಅವನ ನಾಣ್ಯ ನಮ್ಮೂರ ಮಣ್ಣಲ್ಲಿತ್ತು ಮಾರಾಯ್ರೇ. ಜಾಗ ತೋರಿಸ್ತೀನಿ, ಬನ್ನಿ.”

ಇದಕ್ಕೆ ಬಂದದ್ದು ಒಂದು ಕಾರ್ಡು ಮಾತ್ರ. “ಭಾನುವಾರ ಬರ್ತೀನಿ. ಖಾರ ಮಂಡಕ್ಕಿ ತರ್ತೀನಿ. ಬಸ್ ಯಾವಾಗ ತಲುಪುತ್ತೋ, ನೀವು ಗಡಿಯಾರ ನೋಡ್ತಾ ಕೂರಬೇಡಿ.”