ಗಂಧಕಾಮ್ಲದ ನೀರಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮಾಟುಂಗದ ಈ ಸಭೆಯಲ್ಲಿ ಅಂಬರನಾಥ, ಡೊಂಬಿವಲಿ, ತಾರಾಪುರದ ಎಂಐಡಿಸಿ ಕೈಗಾರಿಕಾ ವಸಾಹತುಗಳಲ್ಲಿ ದುಡಿದವರು ಇದ್ದೀರಿ. ನಿಮಗೆ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್, ಹಳೆಯ ಪರಿಚಯ. ಉಳಿದವರ ಮನೆಯ ಇನ್ವರ್ಟರ್ ಬ್ಯಾಟರಿಯಲ್ಲೂ ಅದೇ ಇದೆ. ಇವತ್ತಿನ ಮಾತಿಗೆ ನೀರನ್ನೇ ದಾರವಾಗಿ ಹಿಡಿಯುತ್ತೇನೆ. ನೀರಿಲ್ಲದೆ ಗಂಧಕಾಮ್ಲ ಹುಟ್ಟುವುದಿಲ್ಲ. ಆದರೆ ಅದರ ಕಾರ್ಖಾನೆಯಲ್ಲಿ ಆಗುವ ತೊಂದರೆಗಳಲ್ಲಿ ಬಹುಪಾಲು ನೀರು ಬರಬಾರದ ಕಡೆ ಬಂದದ್ದರಿಂದಲೇ.

ಹಿಂದಿನವರು ಶುರುಮಾಡಿದ್ದು ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯಿಂದ, ಅಂದರೆ ಕಬ್ಬಿಣದ ಸಲ್ಫೇಟಿನಿಂದ. ಆ ಹಸಿರು ಹರಳನ್ನು ಕೆಂಪಗೆ ಕಾಸಿ, ಏಳುವ ಹೊಗೆಯನ್ನು ತಣಿಸಿದರೆ ಎಣ್ಣೆಯಂಥ ದ್ರವ ಇಳಿಯುತ್ತಿತ್ತು; ಪಾತ್ರೆಯಲ್ಲಿ ಕಾವಿ ಬಣ್ಣದ ಪುಡಿ ಉಳಿಯುತ್ತಿತ್ತು. 1736ರಲ್ಲಿ ಲಂಡನ್ ಬಳಿ ಜೋಶುವಾ ವಾರ್ಡ್ ಗಂಧಕಕ್ಕೆ ಪೆಟ್ಲುಪ್ಪು ಸೇರಿಸಿ ಉರಿಸಿ, ಹೊಗೆಯನ್ನು ದೊಡ್ಡ ಗಾಜಿನ ಬುರುಡೆಗಳಲ್ಲಿ ಹಿಡಿದ. ಗಾಜು ಒಡೆಯುತ್ತದೆ, ಎಷ್ಟೆಂದು ದೊಡ್ಡದು ಮಾಡುವುದು? 1746ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ರೋಬಕ್ ಸೀಸದ ತಗಡಿನ ಕೋಣೆ ಕಟ್ಟಿದ. ಆಮ್ಲ ತಾಗಿದೊಡನೆ ಸೀಸದ ಮೇಲೆ ಕರಗದ ಪೊರೆ ಕಟ್ಟಿ ಒಳಗಿನ ಲೋಹ ಉಳಿಯುತ್ತದೆ. ಆದರೆ ಆಮ್ಲ ತೀರಾ ಗಟ್ಟಿಯಾದರೆ ಆ ಪೊರೆಯೇ ಕರಗುತ್ತದೆ; ಹಾಗಾಗಿ ಕೋಣೆಯಿಂದ ಬರುತ್ತಿದ್ದುದು ಶೇಕಡ 65ರ ಆಸುಪಾಸಿನದು. 1831ರಲ್ಲಿ ಬ್ರಿಸ್ಟಲ್‌ನ ಪೆರೆಗ್ರಿನ್ ಫಿಲಿಪ್ಸ್, ವಿನೆಗರ್ ವ್ಯಾಪಾರಿ, ಗಂಧಕ ಉರಿದು ಬರುವ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ಗಾಳಿಯೊಂದಿಗೆ ಬಿಸಿ ಪ್ಲಾಟಿನಂ ಮೇಲೆ ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿನ ಕಾರ್ಖಾನೆಗಳು ಅದೇ ದಾರಿಯವು, ಪ್ಲಾಟಿನಂ ಜಾಗದಲ್ಲಿ ವೆನೇಡಿಯಂ ಪೆಂಟಾಕ್ಸೈಡ್ ಬಂದಿದೆ ಅಷ್ಟೆ.

ಗಂಧಕ ಈಗ ಹೆಚ್ಚಾಗಿ ಬರುವುದು ತೈಲ, ಅನಿಲಗಳನ್ನು ಶುದ್ಧೀಕರಿಸುವಾಗ. ಒಂದು ಟನ್ ಆಮ್ಲಕ್ಕೆ ಸುಮಾರು 330 ಕಿಲೋ ಬೇಕು. ಅದನ್ನು ಕರಗಿಸಿ 135ರಿಂದ 145 ಡಿಗ್ರಿಯಲ್ಲಿ ಪಂಪು ಮಾಡುತ್ತಾರೆ. ಇಲ್ಲೊಂದು ವಿಚಿತ್ರವಿದೆ. ಕಾಸಿದಷ್ಟೂ ತೆಳ್ಳಗಾಗುವುದು ವಾಡಿಕೆ. ಗಂಧಕ 160 ಡಿಗ್ರಿ ದಾಟಿದರೆ ಬೆಲ್ಲದ ಪಾಕದಂತೆ ಬಿಗಿಯುತ್ತದೆ. ಹರಿಯುತ್ತಿಲ್ಲ ಎಂದು ಅದನ್ನು ಕಾಸುವ ಹಬೆಯ ಒತ್ತಡ ಏರಿಸಿದರೆ ಪಂಪೇ ನಿಲ್ಲುತ್ತದೆ. ನಮ್ಮ ಮುಂಬಯಿಯ ಮಳೆಯಲ್ಲಿ ಬಯಲಲ್ಲಿ ರಾಶಿ ಹಾಕಿದ ಗಂಧಕ ಒದ್ದೆಯಾಗಿ ಹುಳಿಗಟ್ಟುತ್ತದೆ. ಕರಗಿಸುವ ತೊಟ್ಟಿಯಲ್ಲಿ ನೊರೆ ಉಕ್ಕುತ್ತದೆ, ಹಬೆಯ ಕೊಳವೆ ಸವೆಯುತ್ತದೆ. ಅದಕ್ಕೇ ತೊಟ್ಟಿಗೆ ಸ್ವಲ್ಪ ಸುಣ್ಣ ಹಾಕುವುದು.

ಉರಿಸುವ ಗಾಳಿಯನ್ನೂ ಒಣಗಿಸಬೇಕು. 30 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿರುತ್ತದೆ. ಅದನ್ನು ಹೀರಲು ಬಳಸುವುದು ಗಂಧಕಾಮ್ಲವನ್ನೇ. ತೇವ ಉಳಿದುಹೋದರೆ ಮುಂದೆ ಆಮ್ಲದ ಮಂಜಾಗಿ ತಣ್ಣನೆಯ ಕೊಳವೆಗಳನ್ನು ತಿನ್ನುತ್ತದೆ. ಕುಲುಮೆಯಲ್ಲಿ ಸುಮಾರು 1000 ಡಿಗ್ರಿ. ಅಲ್ಲಿಂದ ಬರುವ ಸಲ್ಫರ್ ಡೈಆಕ್ಸೈಡನ್ನು ಬಾಯ್ಲರಿನಲ್ಲಿ 420ರ ಸುತ್ತಮುತ್ತ ತಣಿಸಿ ವೆನೇಡಿಯಂ ಹಾಸಿಗೆಗೆ ಬಿಡುತ್ತಾರೆ; ಅಲ್ಲಿ ಅದು ಇನ್ನಷ್ಟು ಆಮ್ಲಜನಕ ಕೂಡಿ ಸಲ್ಫರ್ ಟ್ರೈಆಕ್ಸೈಡ್ ಆಗುತ್ತದೆ. ಕ್ರಿಯೆಯೇ ಶಾಖ ಕೊಡುವುದರಿಂದ ಮೊದಲ ಹಾಸಿಗೆ ದಾಟುವಷ್ಟರಲ್ಲಿ ಅನಿಲ 600 ಮುಟ್ಟುತ್ತದೆ. ಅಷ್ಟು ಬಿಸಿಯಲ್ಲಿ ಪರಿವರ್ತನೆ ಮುಂದೆ ಸಾಗದು. ಮತ್ತೆ ತಣಿಸಬೇಕು, ಮತ್ತೊಂದು ಹಾಸಿಗೆ. ಸಾಮಾನ್ಯವಾಗಿ ನಾಲ್ಕು.

ಈಗ ಸಲ್ಫರ್ ಟ್ರೈಆಕ್ಸೈಡ್ ಕೈಗೆ ಬಂತು. ನೀರಿಗೆ ಹಾಯಿಸಿದರೆ ಆಮ್ಲವಾಗಬೇಕಲ್ಲ? ಆಗುತ್ತದೆ, ಆದರೆ ಸಣ್ಣ ಹನಿಗಳ ಮಂಜಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಶೇಕಡ 98.5ರ ಆಮ್ಲದಲ್ಲೇ ಅದನ್ನು ಹೀರಿಸಿ, ಆಮೇಲೆ ಅಳೆದು ನೀರು ಸೇರಿಸುತ್ತಾರೆ. ಆಮ್ಲ ತೆಳುವಾದರೆ ನೀರಾವಿ ಎದ್ದು ಮಂಜು. ಶೇಕಡ 99 ಮೀರಿದರೆ ಟ್ರೈಆಕ್ಸೈಡ್ ನುಸುಳಿ ಹೊರಗೆ ಮಂಜು. ಎರಡೂ ಸಲ ಚಿಮಣಿಯಲ್ಲಿ ಕಾಣುವುದು ಬಿಳಿ ಹೊಗೆಯೇ. ಆದ್ದರಿಂದ ಹೊಗೆ ನೋಡಿದ ಕೂಡಲೇ ನೀರಿನ ವಾಲ್ವಿಗೆ ಕೈಹಾಕಬಾರದು, ಮೊದಲು ಆಮ್ಲದ ಸ್ಯಾಂಪಲ್ ನೋಡಬೇಕು.

ಗಟ್ಟಿ ಆಮ್ಲವನ್ನು ಸಾದಾ ಉಕ್ಕಿನ ಟ್ಯಾಂಕಿನಲ್ಲೇ ಇಡಬಹುದು. ಕಬ್ಬಿಣದ ಸಲ್ಫೇಟಿನ ಪೊರೆ ಕಾಪಾಡುತ್ತದೆ. ಗಾಳಿಯ ತೇವ ಒಳಹೊಕ್ಕರೆ ಮೇಲ್ಪದರ ತೆಳುವಾಗಿ ಉಕ್ಕನ್ನು ತಿನ್ನುತ್ತದೆ, ಕಿಡಿ ತಾಗಿದರೆ ಸಿಡಿಯುವ ಹೈಡ್ರೋಜನ್ ಎದ್ದು ಮೇಲೆ ನಿಲ್ಲುತ್ತದೆ. "ಟ್ಯಾಂಕ್ ಖಾಲಿ ಇದೆ" ಎಂದು ವೆಲ್ಡಿಂಗ್‌ಗೆ ಇಳಿದವರ ಜೀವ ಹೋಗುವುದು ಅದರಿಂದಲೇ. ಬರಿದು ಮಾಡಿ, ಧಾರಾಳ ನೀರಿನಿಂದ ತೊಳೆದು, ಸೋಡಾ ಬೂದಿಯಿಂದ ತಟಸ್ಥ ಮಾಡಿ, ಗಾಳಿಯಾಡಿಸಿ, ಅನಿಲ ಪರೀಕ್ಷೆ ಮುಗಿದ ಮೇಲೆಯೇ ಬೆಂಕಿಯ ಕೆಲಸ.

ಉಪಯೋಗದಲ್ಲಿ ಗೊಬ್ಬರವೇ ಮೊದಲು. ಜಗತ್ತಿನ ಗಂಧಕಾಮ್ಲದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ. ಫಾಸ್ಫೇಟ್ ಕಲ್ಲು ನೀರಲ್ಲಿ ಕರಗದು, ಬೇರಿಗೆ ದಕ್ಕದು. ಆಮ್ಲ ಅದನ್ನು ಕರಗುವಂತೆ ಮಾಡುತ್ತದೆ. ಉಕ್ಕಿನ ತುಕ್ಕು ತೆಗೆಯಲು, ಬಣ್ಣ, ಡಿಟರ್ಜೆಂಟ್ ಮಾಡಲು ಕೂಡ ಬೇಕು.

ಇನ್ನು ಬ್ಯಾಟರಿ. 1.28 ಸಾಂದ್ರತೆಗೆ ಅಳತೆಯಲ್ಲಿ ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಗಟ್ಟಿ ಆಮ್ಲ. ನೀರನ್ನು ಮೊದಲು ಪ್ಲಾಸ್ಟಿಕ್ ತೊಟ್ಟಿಗೆ ಹಾಕಿ. ಆಮ್ಲವನ್ನು ಸಣ್ಣ ಧಾರೆಯಲ್ಲಿ, ಕಲಕುತ್ತ, ನಡುನಡುವೆ ತಣಿಯಲು ಬಿಟ್ಟು ಸುರಿಯಿರಿ. ಒಟ್ಟಿಗೆ ಸುರಿದರೆ ದ್ರಾವಣ ಕುದಿಯುವ ಮಟ್ಟಕ್ಕೆ ಕಾಯುತ್ತದೆ. ಆಮ್ಲಕ್ಕೆ ನೀರು ಸುರಿದಿರೋ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆಯೇ, ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಮೈಗೆ ಸಿಡಿದರೆ 20 ನಿಮಿಷವಾದರೂ ಹರಿಯುವ ನೀರಿನಡಿ ಹಿಡಿಯಿರಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸುವುದು ದ್ರಾವಣ ಪೂರ್ತಿ ತಣಿದ ಮೇಲೆ. ಬಿಸಿಯಲ್ಲಿ ಓದಿದರೆ ಕಡಿಮೆ ತೋರಿಸುತ್ತದೆ, ನೀವು ಸುಮ್ಮನೆ ಇನ್ನಷ್ಟು ಆಮ್ಲ ಸುರಿಯುತ್ತೀರಿ. ಬಳಕೆಯಲ್ಲಿರುವ ಬ್ಯಾಟರಿಯ ಮಟ್ಟ ಇಳಿದಾಗಲೂ ಆಮ್ಲ ಹಾಕಬೇಡಿ. ಹಾರಿಹೋದದ್ದು ನೀರು ಮಾತ್ರ, ಆಮ್ಲ ಒಳಗೇ ಇದೆ.